ಟವಿನ್‌ನ ಪುಟ್ಟ ರೈಲಿಗೆ ಹೊರಟಿದ್ದೀರಾ? ಮೊದಲು ಬೋಗಿ ನೋಡಿ ಕೂರಿ

ನನ್ನ ದಡ್ಡತನ ಮೊದಲೇ ಹೇಳಿಬಿಡುತ್ತೇನೆ. ಟ್ಯಾಲಿಲಿನ್ ರೈಲ್ವೆ ಎಂಬ ಪುಟ್ಟ ಸ್ಟೀಮ್ ರೈಲು ಇರುವ, ವೇಲ್ಸ್‌ನ ಕಡಲಂಚಿನ ಟವಿನ್ ಊರಿಗೆ ಬರ್ಮಿಂಗ್‌ಹ್ಯಾಮ್‌ನಿಂದ ನೇರ ರೈಲಿದೆ. ನೇರ ಅಂದರೆ ಅರ್ಧ ರೈಲು ಮಾತ್ರ. ಮಹನ್‌ಲೆತ್ ಸ್ಟೇಷನ್ನಿನಲ್ಲಿ ಅದನ್ನು ಎರಡು ತುಂಡು ಮಾಡುತ್ತಾರೆ. ಒಂದು ತುಂಡು ಅಬರಿಸ್ಟ್‌ವಿತ್‌ಗೆ, ಇನ್ನೊಂದು ಟವಿನ್ ಕಡೆಗೆ. ಕಿಟಕಿ ಪಕ್ಕ ಸೀಟು ಸಿಕ್ಕಿದ ಖುಷಿಗೆ ನಾನು ನಿದ್ದೆ ಹೊಡೆದೆ. ಕಣ್ಣು ಬಿಟ್ಟಾಗ ಅಬರಿಸ್ಟ್‌ವಿತ್ ದಾರಿಯ ಬೋರ್ತ್ ಸ್ಟೇಷನ್. ಹೋಗಬೇಕಾದ ದಡ ನದಿಯಾಚೆ ಎದುರಿಗೇ ಕಾಣುತ್ತಿದೆ, ಆದರೆ ದಾಟಲು ದಾರಿಯಿಲ್ಲ! ಟವಿನ್ ಲೈನಿನಲ್ಲಿ ರೈಲು ಸುಮಾರು ಎರಡು ಗಂಟೆಗೊಂದು. ಟವಿನ್ ಮುಟ್ಟುವಾಗ ಸಂಜೆಯಾಗಿತ್ತು. ಹತ್ತುವಾಗಲೇ ಯಾವ ಬೋಗಿ ಎಲ್ಲಿಗೆ ಅಂತ ಕೇಳಿಕೊಳ್ಳಿ.

ರೂಮು ಇನ್ನೊಂದು ಕತೆ. ರಾತ್ರಿಗೆ 95 ಪೌಂಡ್. ಸಮುದ್ರ ಕಾಣುತ್ತದೆ ಅಂದಿದ್ದರು. ಕಮೋಡಿನ ಮೇಲೆ ಹತ್ತಿ ನಿಂತರೆ ಕಾಣುತ್ತದೆ, ಸುಳ್ಳಲ್ಲ.

ನಾನು ಹೋಗಿದ್ದು ಟ್ಯಾಲಿಲಿನ್ ರೈಲ್ವೆ ನೋಡಲು. ಬೆಟ್ಟದ ಗಣಿಯಿಂದ ಸ್ಲೇಟು ಕಲ್ಲು ತರಲು 1865ರಲ್ಲಿ ಶುರುವಾದದ್ದು. ಹಳಿಗಳ ನಡುವೆ ಎರಡೂಕಾಲು ಅಡಿ ಅಂತರ, ಅಷ್ಟೆ. 1950ರಲ್ಲಿ ಮಾಲೀಕರು ತೀರಿಕೊಂಡರು. ಆಮೇಲೆ ಲೇಖಕ ಟಾಮ್ ರೋಲ್ಟ್ ಮತ್ತು ಗೆಳೆಯರು ಸೇರಿ, ಸಂಬಳವಿಲ್ಲದೆ ತಾವೇ ಓಡಿಸುತ್ತೇವೆ ಎಂದು ಹೊರಟರು. 1951ರಲ್ಲಿ ಅವರು ಶುರು ಮಾಡಿದಾಗ ಓಡುವ ಸ್ಥಿತಿಯಲ್ಲಿ ಇದ್ದದ್ದು ಡೋಲ್‌ಗೋಕ್ ಎಂಬ ಒಂದೇ ಇಂಜಿನ್. ಸ್ವಯಂಸೇವಕರು ಹೀಗೆ ಒಂದು ರೈಲ್ವೆ ಉಳಿಸಿಕೊಂಡದ್ದು ಜಗತ್ತಿನಲ್ಲೇ ಅದು ಮೊದಲು.

ಎಲ್ಲರೂ ಈ ರೈಲು ಹೊರಡುವ ವಾರ್ಫ್ ಸ್ಟೇಷನ್ನಿಗೆ ಹೋಗಿ, ರೈಲು ಹತ್ತಿ, ಫೋಟೋ ತೆಗೆದು ವಾಪಸ್ ಬರುತ್ತಾರೆ. ನೀವು ಹಾಗೆ ಮಾಡಬೇಡಿ. ಬೆಳಿಗ್ಗೆ ಬೇಗ ಎದ್ದು ಊರಲ್ಲೇ ಇರುವ ಇನ್ನೊಂದು ಸ್ಟೇಷನ್ ಪೆಂಡ್ರೆ ಕಡೆ ನಡೆಯಿರಿ. ಇಂಜಿನ್ ಶೆಡ್ ಇರುವುದು ಅಲ್ಲಿ. ಕೇಳದೆ ಒಳಗೆ ನುಗ್ಗಬೇಡಿ, ಪ್ಲಾಟ್‌ಫಾರ್ಮಿನಲ್ಲಿ ನಿಂತರೂ ಸಾಕು. ಬೆಂಕಿ ಹಾಕಿದ ಕೂಡಲೇ ಸ್ಟೀಮ್ ಇಂಜಿನ್ ಹೊರಡುವುದಿಲ್ಲ, ಗಂಟೆಗಟ್ಟಲೆ ಕಾಯಬೇಕು. ಊರಲ್ಲಿ ಅಜ್ಜಿ ಬಚ್ಚಲೊಲೆಗೆ ಬೆಂಕಿ ಹಾಕಿ ಹಂಡೆ ಕಾಯಿಸುತ್ತಿದ್ದರಲ್ಲ, ಅದೇ ತಾಳ್ಮೆ. ಒಬ್ಬ ಹುಡುಗ ಇಂಜಿನ್ನಿನ ಮೂತಿ ತೆರೆದು ನಿನ್ನೆಯ ಬೂದಿ ಗೋರುತ್ತಿದ್ದ. ನಿವೃತ್ತ ಗಣಿತ ಮೇಷ್ಟ್ರೊಬ್ಬರು ಉದ್ದ ಮೂತಿಯ ಡಬ್ಬಿ ಹಿಡಿದು, ಚಕ್ರದ ಸಂದುಗಳಿಗೆಲ್ಲ ಒಂದೊಂದಾಗಿ ಎಣ್ಣೆ ಬಿಡುತ್ತಿದ್ದರು. ಮೊಣಕೈವರೆಗೂ ಕರಿ. ನನ್ನನ್ನು ನೋಡಿ ಮಾತಿಗೆ ನಿಂತರು. ದಕ್ಷಿಣ ವೇಲ್ಸ್‌ನ ಮರ್ಥರ್ ಬಳಿಯ ದೊಡ್ಡ ಗಣಿ 2023ರಲ್ಲಿ ಮುಚ್ಚಿದ ಮೇಲೆ ಒಳ್ಳೆ ಕಲ್ಲಿದ್ದಲೇ ಸಿಗುತ್ತಿಲ್ಲ ಅಂತ ಅರ್ಧ ಗಂಟೆ ಗೊಣಗಿದರು. ಕಲ್ಲಿದ್ದಲ ನಾಡಿನಲ್ಲೇ ಈ ಗತಿ!

ಮೈಸೂರಿನ ರೈಲು ಮ್ಯೂಸಿಯಂ ನನಗೆ ಇಷ್ಟವೇ. ಆದರೆ ಅಲ್ಲಿ ಇಂಜಿನ್ ಮುಟ್ಟಿದರೆ ತಣ್ಣಗಿರುತ್ತದೆ. ಇಲ್ಲಿ ಎರಡು ಮಾರು ದೂರ ನಿಂತರೂ ಮುಖಕ್ಕೆ ಬಿಸಿ ಬಡಿಯುತ್ತದೆ.

ರೈಲಿನಲ್ಲಿ ಒಂದು ತಮಾಷೆ ಗಮನಿಸಿ. ಬಾಗಿಲು ಒಂದೇ ಕಡೆ. ಹಳಿಯ ಮೇಲೆ ಹಾಯುವ ಸೇತುವೆಗಳ ಗೋಡೆಗೂ ಬೋಗಿಗೂ ನಡುವೆ ಜಾಗ ಸಾಲದು ಎಂದು 1866ರಲ್ಲಿ ಸರ್ಕಾರಿ ಇನ್ಸ್‌ಪೆಕ್ಟರ್ ತಕರಾರು ತೆಗೆದರಂತೆ. ಸೇತುವೆ ಒಡೆದು ಕಟ್ಟುವ ಬದಲು ಒಂದು ಕಡೆಯ ಬಾಗಿಲನ್ನೇ ಮುಚ್ಚಿಬಿಟ್ಟರು. ಕೈ, ತಲೆ ಹೊರಗೆ ಹಾಕಬೇಡಿ. ಕೊನೆಯ ನಿಲ್ದಾಣ ನಾಂಟ್ ಗ್ವೆರ್ನೋಲ್, ಏಳೂಕಾಲು ಮೈಲಿ. ಶನಿವಾರ ಮಧ್ಯಾಹ್ನ ಮಕ್ಕಳ ಗಲಾಟೆ ಜಾಸ್ತಿ. ನನಗಂತೂ ಆಗಲಿಲ್ಲ, ನಡುವಿನ ಡೋಲ್‌ಗೋಕ್ ನಿಲ್ದಾಣದಲ್ಲಿ (ಆ ಇಂಜಿನ್ನಿಗೂ ಇದೇ ಹೆಸರು) ಇಳಿದು ಜಲಪಾತದ ಕಡೆ ನಡೆದುಬಿಟ್ಟೆ.

ಊಟದ ಚಿಂತೆ ಬೇಡ. ಪೇಟೆ ಬೀದಿಯಲ್ಲಿ ಐದೇ ಮೇಜಿನ ಒಂದು ಕೆಫೆ. ಸಿಪ್ಪೆ ಸಮೇತ ಬೇಯಿಸಿದ ದೊಡ್ಡ ಆಲೂಗಡ್ಡೆ, ಅದನ್ನು ಸೀಳಿ ಬೆಣ್ಣೆ, ಮೇಲೆ ಟೊಮೆಟೊ ಸಾಸಿನಲ್ಲಿ ಬೇಯಿಸಿದ ಬಿಸಿ ಬೀನ್ಸ್ ಕಾಳು, ಅದರ ಮೇಲೆ ತುರಿದ ಚೀಸ್. 7 ಪೌಂಡಿಗೆ ಹೊಟ್ಟೆ ತುಂಬಿತು. ಖಾರ ಬೇಕೇಬೇಕು ಅನ್ನುವವರು ಚಟ್ನಿಪುಡಿ ಒಯ್ಯಿರಿ, ನಾನು ಸುಮ್ನೆ ಉದುರಿಸಿಕೊಂಡೆ, ಯಾರೂ ಏನೂ ಅನ್ನಲಿಲ್ಲ. ಆಮೇಲೆ ವೆಲ್ಷ್ ಕೇಕ್. ನಮ್ಮ ದೋಸೆ ಕಾವಲಿಯಂಥ ಕಬ್ಬಿಣದ ಹಂಚಿನ ಮೇಲೆ ಬೇಯಿಸುತ್ತಾರೆ, ಒಳಗೆ ಒಣದ್ರಾಕ್ಷಿ. ಬಿಸಿ ಇರುವಾಗಲೇ ತಿನ್ನಬೇಕು. ನಾಲ್ಕು ತಿಂದೆ, ಇನ್ನಾರು ಕಟ್ಟಿಸಿಕೊಂಡೆ. ಚಿಪ್ಸ್ ಅಂಗಡಿಗೆ ಹೋದರೆ ಮಾತ್ರ ಕರಿಯುವುದು ಎಣ್ಣೆಯಲ್ಲೋ ದನದ ಕೊಬ್ಬಿನಲ್ಲೋ ಅಂತ ಸಸ್ಯಾಹಾರಿಗಳು ಕೇಳಲೇಬೇಕು.

ಬಿಳಿ ಅಂಗಿ ಹಾಕಿಕೊಂಡು ಹೋಗಬೇಡಿ. ಇಂಜಿನ್ ಹಿಂದಿನ ಬೋಗಿಯಲ್ಲಿ ಕೂತರೆ ಮಸಿಯ ಚುಕ್ಕೆ ಗ್ಯಾರಂಟಿ. ನನ್ನದು ಮೂರು ಸಲ ಒಗೆದರೂ ಹೋಗಿಲ್ಲ.