ಹಾವಸೆ ನೋಡಲು ಹೋದದ್ದು

ಮಳೆ ಹಿಡಿದ ಮೇಲೆ ತೀರ್ಥಹಳ್ಳಿಯ ಸುತ್ತಿನ ಮನೆಗಳಲ್ಲಿ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುವುದು ವಾಡಿಕೆ; ಹಾಸದಿದ್ದರೆ ಹಾವಸೆಯ ಮೇಲೆ ಜಾರಿ ಯಾರಾದರೊಬ್ಬರು ಸೊಂಟ ಮುರಿದುಕೊಳ್ಳುತ್ತಾರೆ. ಹುಟ್ಟಿದಂದಿನಿಂದ ಆ ಹಾವಸೆಯನ್ನು ಕೆರೆದು, ಸುಣ್ಣ ಚೆಲ್ಲಿ, ಬ್ಲೀಚಿಂಗ್ ಪುಡಿ ಎರಚಿ ಬದುಕಿದ ನಾನು ಅದನ್ನೇ ನೋಡಲು ದಕ್ಷಿಣ ಅಮೆರಿಕದ ಕೊನೆಯವರೆಗೆ ಹೋಗಿಬಂದೆನೆಂದರೆ ಊರಿನಲ್ಲಿ ಈಗಲೂ ನಗುತ್ತಾರೆ.

ಸಾಗರದಲ್ಲಿ ಬೆಳೆದ ನನ್ನ ಅಕ್ಕನ ಮಗಳು ಚಿಲಿ ದೇಶದ ನವಾರಿನೋ ದ್ವೀಪದಲ್ಲಿ ಹಾವಸೆಗಳ ಅಧ್ಯಯನ ಮಾಡುತ್ತಿದ್ದಾಳೆ. ಅಡಿಕೆಯ ಕೊನೆಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಹೊರಟೆ. ಶಿವಮೊಗ್ಗದ ರೈಲಿನಿಂದ ಪುಂಟಾ ಅರೇನಾಸಿನ ಪುಟ್ಟ ವಿಮಾನದವರೆಗಿನ ದಿನಗಳಲ್ಲಿ ಬರೆಯಬೇಕಾದದ್ದು ಒಂದೇ. ಚಿಲಿಯಲ್ಲಿ ಇಳಿಯುವವರು ತಮ್ಮಲ್ಲಿರುವ ಬೀಜ, ಹಣ್ಣು, ಎಲೆ, ಜೇನು ಇತ್ಯಾದಿಗಳನ್ನು ಘೋಷಣಾ ಪತ್ರದಲ್ಲಿ ಮುಚ್ಚಿಡದೆ ಬರೆಯಬೇಕು. ಅಡಿಕೆಯನ್ನು ನಾನು ಬೀಜವೆಂದು ಎಣಿಸಿಯೇ ಇರಲಿಲ್ಲ. ನಮ್ಮ ತೋಟದ್ದೇ ಆದ ಕಾಲು ಕೆಜಿ ಸರಕು ನನ್ನ ಕಣ್ಣೆದುರೇ ಕಸದ ಡಬ್ಬಿ ಸೇರಿತು, ದಂಡ ಬೇರೆ ಬಿತ್ತು. ತಪ್ಪು ನನ್ನದೇ, ಆದರೂ ಎಲೆ-ಅಡಿಕೆಯಿಲ್ಲದೆ ಹದಿನೈದು ದಿನ ಬಾಯಿ ಒಣಗಿಸಿಕೊಂಡು ತಿರುಗಿದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಪ್ವೆರ್ಟೊ ವಿಲಿಯಮ್ಸ್ ಎಂಬ ಊರು ಬೀಗಲ್ ಕಾಲುವೆಯ ದಂಡೆಯಲ್ಲಿ, ಸುಮಾರು 55 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದೆ. ಆಷಾಢದಲ್ಲಿ ಕೊಡಚಾದ್ರಿಯ ನೆತ್ತಿಯ ಮೇಲೆ ನಿಂತವನಾದ್ದರಿಂದ ಗಾಳಿ ನನಗೆ ಹೊಸದಲ್ಲವೆಂದುಕೊಂಡಿದ್ದೆ. ನಮ್ಮ ಗಾಳಿಯಾದರೋ ಬಂದು, ಸುರಿದು, ಹೋಗುತ್ತದೆ. ಅಲ್ಲಿಯದು ಹೋಗುವುದೇ ಇಲ್ಲ. ಆ ಅಕ್ಷಾಂಶದಲ್ಲಿ ಭೂಮಿಯನ್ನು ಸುತ್ತುವ ಪಡುವಣ ಗಾಳಿಗೆ ಈ ತುದಿಯೊಂದನ್ನು ಬಿಟ್ಟರೆ ಅಡ್ಡ ನಿಲ್ಲುವ ನೆಲವೇ ಇಲ್ಲ. ಬಯಲಿನ ಮರಗಳ ಕೊಂಬೆಗಳೆಲ್ಲ ಒಂದೇ ಕಡೆಗೆ, ಪೂರ್ವಕ್ಕೆ, ಬಾವುಟದಂತೆ ಚಾಚಿಕೊಂಡು ಬೆಳೆದಿವೆ.

ಊರಿನಿಂದ ಕೆಲವೇ ಕಿಲೋಮೀಟರು ದೂರದಲ್ಲಿ ಒಮೋರಾ ಎಂಬ ಸಸ್ಯೋದ್ಯಾನವಿದೆ. ಆ ಕಡೆಯ ಮೂಲನಿವಾಸಿಗಳಾದ ಯಾಗನ್ ಜನರ ಭಾಷೆಯಲ್ಲಿ ಒಮೋರಾ ಎಂದರೆ ಝೇಂಕಾರದ ಹಕ್ಕಿ. ಆ ಭಾಷೆಯನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯವರಾದ ಕ್ರಿಸ್ಟಿನಾ ಕಾಲ್ಡೆರೋನ್ 2022ರ ಫೆಬ್ರವರಿಯಲ್ಲಿ ತೀರಿಕೊಂಡರು. ಉದ್ಯಾನದ ಬಾಗಿಲಲ್ಲೇ ಸೋದರಸೊಸೆ ನನ್ನ ಕೊರಳಿಗೆ ದಾರ ಕಟ್ಟಿದ ಭೂತಕನ್ನಡಿಯೊಂದನ್ನು ತೂಗುಹಾಕಿದಳು. ಎಲ್ಲ ಕಡೆ ದುರ್ಬೀನು ಕೊಡುವಾಗ ಇಲ್ಲಿ ಇದೇಕೆ ಎಂದುಕೊಂಡೆ. ಜಗತ್ತಿನ ಹಾವಸೆ ಜಾತಿಯ ಸಸ್ಯಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು, ಭೂಮಿಯ ನೆಲದ ಹತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲದ ಈ ಮೂಲೆಯಲ್ಲಿವೆಯಂತೆ. 2005ರಲ್ಲಿ ಯುನೆಸ್ಕೊ ಕೇಪ್ ಹಾರ್ನ್ ಪ್ರದೇಶವನ್ನು ಜೀವಗೋಳ ಮೀಸಲು ಪ್ರದೇಶವೆಂದು ಘೋಷಿಸಿದಾಗ ಈ ಲೆಕ್ಕಕ್ಕೂ ತೂಕವಿತ್ತಂತೆ. ಇವನ್ನು ಅಲ್ಲಿ ಪುಟಾಣಿ ಕಾಡುಗಳೆಂದೇ ಕರೆಯುತ್ತಾರೆ.

ಮೊಣಕಾಲೂರಿ, ಕನ್ನಡಿಯನ್ನು ಕಣ್ಣಿಗೆ ಒತ್ತಿ, ಮೂಗು ಬಂಡೆಗೆ ತಾಗುವಷ್ಟು ಬಗ್ಗಿದೆ. ಹಸುರು ಮೆತ್ತೆಯೆಂದು ಕಂಡದ್ದು ಒಮ್ಮೆಲೇ ಬಿಡಿಬಿಡಿಯಾಯಿತು: ಕೂದಲಿನಷ್ಟು ತೆಳುವಾದ ಕೆಂಪು ಕಡ್ಡಿ, ಅದರ ತುದಿಯಲ್ಲೊಂದು ಕುಡಿಕೆ, ಕುಡಿಕೆಯ ಬಾಯಿಗೆ ಸುತ್ತಲೂ ಕಿತ್ತಳೆ ಬಣ್ಣದ ಹಲ್ಲುಗಳು.

“ಮಾವ, ಅದರ ಮೇಲೆ ಮೆಲ್ಲಗೆ ಉಸಿರು ಬಿಡಿ,” ಎಂದಳು.

ಬಿಟ್ಟೆ. ಉಸಿರಿನ ತೇವ ತಾಗಿದ್ದೇ ತಡ, ಹಲ್ಲುಗಳು ಒಂದೊಂದಾಗಿ ಒಳಕ್ಕೆ ಬಾಗಿದವು. ನಾನು ಬೆಚ್ಚಿ ತಲೆ ಎತ್ತಿದೆ. ತೇವಕ್ಕೆ ಬಾಯಿ ಮುಚ್ಚಿಕೊಂಡು, ಒಣಗಿದಾಗ ತೆರೆದು, ಗಾಳಿ ಬಂದ ಹೊತ್ತು ನೋಡಿ ಬೀಜಕಗಳನ್ನು ಬಿಡುವ ಉಪಾಯವದು.

“ಎಲ್ಲವೂ ಗಾಳಿಯನ್ನು ನಂಬಿಲ್ಲ,” ಎಂದು ಇನ್ನೊಂದನ್ನು ತೋರಿಸಿದಳು. ಟೇಲೋರಿಯಾ ಮಿರಾಬಿಲಿಸ್ ಎಂಬ ಆ ಹಾವಸೆ ಸಗಣಿಯ ಮೇಲಷ್ಟೇ ಬೆಳೆಯುತ್ತದೆ. ಅದರ ಬೀಜಕಗಳನ್ನು ಹೊಸ ಸಗಣಿಗೆ ಮುಟ್ಟಿಸುವುದು ನೊಣಗಳು. ಗೊಬ್ಬರದ ಗುಂಡಿಯ ನಂಟು ಜನ್ಮಕ್ಕಂಟಿದ ನನಗೆ ಇದು ತಕ್ಷಣ ಮನಸ್ಸಿಗೆ ಹತ್ತಿತು.

ಆದರೂ ಕೇಳದೆ ಇರಲಾಗಲಿಲ್ಲ: “ಇದಕ್ಕಾಗಿ ಇಷ್ಟು ದೂರ ಬರಬೇಕಿತ್ತೇನೇ? ನಮ್ಮ ಬಾವಿಕಟ್ಟೆಯ ಮೇಲೆ ಇದೆಲ್ಲ ಇಲ್ಲವಾ?”

“ಅಲ್ಲಿ ಎಷ್ಟು ಬಗೆ ಇದೆ, ಹೇಳಿ ನೋಡೋಣ.”

“ಹಾವಸೆ ಎಂದರೆ ಹಾವಸೆ. ಜಾರುವುದೊಂದು, ಜಾರದ್ದೊಂದು.”

ಅವಳು ನಗಲಿಲ್ಲ. “ರಜೆಗೆ ಬಂದಾಗ ತೆಂಗಿನ ಚಿಪ್ಪು ಹಿಡಿದು ಆ ಕಟ್ಟೆಯನ್ನು ಕೆರೆಯುತ್ತಿದ್ದದ್ದು ನಾನೇ ಅಲ್ಲವಾ ಮಾವ? ನೀವು ನಾಲ್ಕಾಣೆ ಕೊಡುತ್ತಿದ್ದಿರಿ. ಏನನ್ನು ಕೆರೆದೆ ಎಂದು ಈಗ ಕೇಳಿದರೆ ನನಗೂ ಗೊತ್ತಿಲ್ಲ.”

ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ರಾತ್ರಿ ಒಂಬತ್ತಕ್ಕೂ ಬೆಳಕಿತ್ತು; ಒಂದು ಮೊಳ ಜಾಗ ನೋಡಿ ಮುಗಿಯಲಿಲ್ಲ.

ಉಳಿದ ದಿನಗಳ ವಿಷಯ ಚುಟುಕಾಗಿಯೇ ಹೇಳಬಹುದು. ಪೆಂಗ್ವಿನ್ ತೋರಿಸುವ ದೋಣಿ ಹತ್ತಲು ಮನಸ್ಸಾಗಲಿಲ್ಲ. ಅವು ಕ್ಯಾಲೆಂಡರಿನಲ್ಲಿ ಇದ್ದ ಹಾಗೆಯೇ ಇರುತ್ತವೆಂದು ನನ್ನ ನಂಬಿಕೆ. ಅದಕ್ಕಿಂತ ಮನಸ್ಸು ಕಲಕಿದ್ದು, ಹಲ್ಲಿನಿಂದಲೇ ಮರ ಕಡಿದು ಹೊಳೆಗೆ ಅಡ್ಡಲಾಗಿ ಬೀವರ್ ಎಂಬ ಪ್ರಾಣಿ ಕಟ್ಟಿದ ಒಡ್ಡು. ತುಪ್ಪಳದ ಆಸೆಗೆ 1946ರಲ್ಲಿ ಕೆನಡಾದಿಂದ ತಂದು ಅರ್ಜೆಂಟೀನಾದ ಕಡೆ ಬಿಟ್ಟ ಪ್ರಾಣಿ ಕಡಲ ಕಾಲುವೆ ಈಜಿ ಇಲ್ಲಿಗೂ ಬಂದಿದೆ. ಕೆನಡಾದ ಎಷ್ಟೋ ಮರಗಳು ಕಡಿದಲ್ಲಿ ಮತ್ತೆ ಚಿಗುರುತ್ತವೆ; ಇಲ್ಲಿಯ ಲೆಂಗಾ ಮರ ಹಾಗೆ ಚಿಗುರದು, ನೀರು ನಿಂತಲ್ಲಿ ಬದುಕದು. ಬಿಳಿಚಿಕೊಂಡು ನಿಂತ ಸತ್ತ ಮರಗಳ ಸಾಲು ಕಂಡಾಗ, ಹುಲ್ಲುಬೆಟ್ಟಗಳನ್ನೂ ಬಿಡದೆ ಅಕೇಶಿಯಾ ನೆಟ್ಟ ನಮ್ಮ ಕಡೆಯ ಗುಡ್ಡಗಳು ನೆನಪಾದವು.

ಈಗ ಜುಲೈ. ಬಾವಿಕಟ್ಟೆಯ ಬಡಗಣ ಬದಿಯನ್ನು ಈ ವರ್ಷ ಕೆರೆಯಬಾರದೆಂದು ಹೇಳಿದ್ದೇನೆ. ಕೊಡೆ ಹಿಡಿದು, ಕನ್ನಡಿ ಕಣ್ಣಿಗಿಟ್ಟು, ಇದುವರೆಗೆ ಒಂಬತ್ತು ಬಗೆ ಎಣಿಸಿದ್ದೇನೆ. ಅದರಲ್ಲಿ ಎರಡು ಒಂದೇ ಇರಬಹುದೆಂಬ ಅನುಮಾನವಿದೆ. ನಿನ್ನೆ ನೋಡಿದರೆ, ನಾನು ಕೂರುವ ಜಾಗದಿಂದ ಜಗಲಿಯವರೆಗೆ ಮನೆಯವಳು ಎರಡು ಹೊಸ ದಬ್ಬೆ ಹಾಸಿಸಿದ್ದಾಳೆ.