ದೊಡ್ಡಮ್ಮ ಕೆಡಿಸಿದ ನನ್ನ ಲೆಕ್ಕ

ಹೋದ ಮಳೆಗಾಲ ಸಾಗರದ ಹತ್ತಿರ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಮೂರು ದಿನ ಅಂಗಳಕ್ಕೂ ಇಳಿಯೋಕಾಗದ ಮಳೆ. ಕರೆಂಟ್ ಇದ್ದಷ್ಟು ಹೊತ್ತು ಎಕ್ಸೆಲ್ ತೆರೆದು ಒಂದು ಆಟ ಶುರು ಮಾಡಿದೆ. ಸಾವಿರ ಜನರ ಊರು, ಒಬ್ಬನಿಗೆ ಜ್ವರ. ಮೂರೇ ಕಾಲಂ: ಇನ್ನೂ ಜ್ವರ ಬಾರದವರು, ಈಗ ಮಲಗಿರುವವರು, ಬಂದು ಹೋದವರು. ದಿನಕ್ಕೊಂದು ಸಾಲು. ಯಾರು ಯಾವ ಕಾಲಂನಿಂದ ಮುಂದಕ್ಕೆ ಹೋದರು ಅನ್ನೋದಷ್ಟೇ ಲೆಕ್ಕ.

ಜ್ವರ ಹತ್ತು ದಿನ ಇರುತ್ತದೆ, ಶುರುವಿನಲ್ಲಿ ಒಬ್ಬ ಮೂವರಿಗೆ ಅಂಟಿಸುತ್ತಾನೆ ಅಂತ ಇಟ್ಟರೆ, ಒಂದು ಹಂತದಲ್ಲಿ ಒಟ್ಟಿಗೇ ಸುಮಾರು 300 ಜನ ಮಲಗಿರುತ್ತಾರೆ. ಕೊನೆಗೆ ಬಚಾವಾಗೋದು 60 ಜನ. ಓಡಾಟ ಅರ್ಧ ಕಡಿಮೆ ಮಾಡಿ ನೋಡಿದೆ. ಒಟ್ಟಿಗೆ ಮಲಗುವವರು 150 ಆಗಬಹುದು ಅಂದುಕೊಂಡರೆ, ಬರೀ 63! ಇದರಲ್ಲಿ ಎಲ್ಲರೂ ಎಲ್ಲರಿಗೂ ಒಂದೇ ಸಮ ಸಿಗುತ್ತಾರೆ ಅಂತ ಹಿಡಿಯಬೇಕು. ತೋಟಕ್ಕೊಂದು ಮನೆ ಇರೋ ನಮ್ಮ ಕಡೆ ಅದು ಸುಳ್ಳೇ, ಆದರೆ ಸಂತೆ ದಿನ, ಮದುವೆ ಮನೆಯಲ್ಲಿ ನಿಜ ಅಲ್ವಾ?

"ಇದು ಮಂಗನ ಕಾಯಿಲೆಗೂ ಆಗ್ತದೇನೋ?" ದೊಡ್ಡಮ್ಮ ಅಡಿಕೆ ಸುಲಿಯೋ ಮಣೆ ಒರೆಸುತ್ತಾ ಕೇಳಿದರು. ಆಗತ್ತೆ ಅಂದೆ. "ಹೆಂಗೆ ಆಗ್ತದೆ ಮಾರಾಯ? ಪಕ್ಕದಲ್ಲಿ ಕೂತು ಗಂಜಿ ಕುಡಿಸಿದವರಿಗೆ ಬರಲ್ಲ. ಕಾಡಿಗೆ ಹೋದವರಿಗೆ ಬರೋದು."

ಸರಿಯಾಗೇ ಸಿಕ್ಕಿಬಿದ್ದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಈ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡೋದಿಲ್ಲ. ಹೆಚ್ಚಾಗಿ ಉಣುಗು, ಅಂದರೆ ಉಣ್ಣಿ, ಕಚ್ಚಿಯೇ ಬರೋದು. ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಅಲ್ಲೇ ಉದುರುತ್ತವೆ, ದರಕು (ಉದುರಿದ ಒಣ ಎಲೆ) ಗುಡಿಸೋಕೆ ಹೋದವರ ಕಾಲಿಗೆ ಹತ್ತುತ್ತವೆ. ದನ ಕಾಯಿಲೆ ಬೀಳೋದಿಲ್ಲ, ಆದರೆ ಅದರ ರಕ್ತ ಕುಡಿದು ಉಣುಗು ಮಾತ್ರ ಜಾಸ್ತಿಯಾಗುತ್ತವೆ. ನನ್ನ ಮೂರು ಕಾಲಂ ಯಾವ ಮೂಲೆಗೆ?

ಮೂರು ಕಾಲಂನ ಲೆಕ್ಕವನ್ನು 1927ರಲ್ಲಿ ಕೊಟ್ಟವರು ಕೆರ್ಮಾಕ್ ಮತ್ತು ಮೆಕೆಂಡ್ರಿಕ್ ಅನ್ನೋ ಸ್ಕಾಟ್ಲೆಂಡಿನ ಇಬ್ಬರು ವಿಜ್ಞಾನಿಗಳು. ಅವರು ತಾಳೆ ನೋಡಿದ್ದು 1905-06ರ ಮುಂಬೈ ಪ್ಲೇಗಿನ ಸಾವುಗಳ ಜೊತೆ, ಲೆಕ್ಕದಿಂದ ಬಂದ ಗೆರೆ ಆ ಅಂಕಿಗಳ ಮೇಲೆ ಚೆನ್ನಾಗೇ ಕೂತಿತು. ಆದರೆ ಆ ಪ್ಲೇಗ್ ಇಲಿ, ಚಿಗಟದ್ದು! ಗೆರೆ ಕೂತ ಮಾತ್ರಕ್ಕೆ ಕಾಯಿಲೆ ಹರಡುವ ದಾರಿ ಅದೇ ಅಂತಲ್ಲ ಅನ್ನೋದು ನನಗೆ ಆವತ್ತೇ ಹೊಳೆದದ್ದು.

ದಾರಿ ತಪ್ಪಿದರೆ ಲಸಿಕೆಯ ಲೆಕ್ಕವೂ ತಪ್ಪುತ್ತದೆ. ಒಬ್ಬ ಮೂವರಿಗೆ ಅಂಟಿಸುವ ಜ್ವರದಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ರಕ್ಷೆ ಸಿಕ್ಕರೆ ಜ್ವರ ತಾನಾಗೇ ಇಳಿಯುತ್ತದೆ, ಉಳಿದವರೂ ಅವರ ಮರೆಯಲ್ಲಿ ಬಚಾವು. ಮಂಗನ ಕಾಯಿಲೆಯಲ್ಲಿ 999 ಜನರಿಗೆ ರಕ್ಷೆ ಇದ್ದರೂ ಕಾಡಿಗೆ ಹೋಗೋ ಸಾವಿರದನೆಯವನಿಗೆ ಅದರಿಂದ ಏನೂ ಉಪಯೋಗವಿಲ್ಲ.

ರಾತ್ರಿ ಹೊಸ ಹಾಳೆ ತೆರೆದೆ. ಮಂಗ, ಉಣುಗಿನ ಮರಿ, ದೊಡ್ಡ ಉಣುಗು, ದನ, ಮನುಷ್ಯ ಅಂತ ಹನ್ನೊಂದು ಕಾಲಂ ಆಯಿತು. ಕೊನೆಗೆ ಸುಮ್ನೆ ಕುತೂಹಲಕ್ಕೆ ಮನುಷ್ಯರ ಕಾಲಂ ಪೂರ್ತಿ ಅಳಿಸಿ ನೋಡಿದೆ. ಮಂಗದ ಗೆರೆ, ಉಣುಗಿನ ಗೆರೆ ಎರಡೂ ಇದ್ದಲ್ಲೇ ಇದ್ದವು.