ಆರು ಆರೆ ಜಾಗ ನೋಡಲು ಹೋದ ದಿನ

ಬಾಲಿಯ ತಬಾನನ್ ಜಿಲ್ಲೆಯಲ್ಲಿ ಬಟುಕಾರು ಬೆಟ್ಟದ ಕೆಳಗಿನ ಹಳ್ಳಿಗಳಿಗೆ ಜಾಗ ನೋಡಲು ಹೋಗುವವರು ಬೆಳಿಗ್ಗೆ ಏಳಕ್ಕೆ ಮೊದಲೇ ಗಾಡಿ ಹತ್ತಬೇಕು. ಹೊತ್ತೇರಿದರೆ ಡೆನ್‌ಪಸಾರ್–ಗಿಲಿಮಾನುಕ್ ಹೆದ್ದಾರಿ ಪೂರಾ ಲಾರಿಗಳದ್ದೇ. ನವೆಂಬರಿನಿಂದ ಮಾರ್ಚ್‌ವರೆಗಿನ ಮಳೆಗಾಲದಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಬೆಟ್ಟದ ಕಡೆ ಮೋಡ ಕವಿದಿರುತ್ತದೆ. ದಾರಿಯಲ್ಲಿ ಯಾವುದಾದರೂ ಊರಿನ ಮೆರವಣಿಗೆ ಎದುರಾದರೆ ಚೌಕಳಿ ಪಂಚೆಯ ಪೆಚಲಾಂಗ್‌ಗಳು ರಸ್ತೆ ತಡೆದಿರುತ್ತಾರೆ. ಅವರು ಪೊಲೀಸರಲ್ಲ, ಊರಿನ ಕಾವಲಿನವರು. ಆದರೆ ಅವರು ಕೈ ಅಡ್ಡ ಹಿಡಿದ ಮೇಲೆ ವಾದವಿಲ್ಲ, ಗಾಡಿ ತಿರುಗಿಸುವುದೇ.

ಬಾಡಿಗೆಗೆ ಸಿಗುವುದು ಗೇರಿಲ್ಲದ ಸ್ಕೂಟರ್, ಅಲ್ಲಿನವರ ಬಾಯಲ್ಲಿ ‘ಮಾಟಿಕ್’. ಹತ್ತುವಾಗ ಚಿಂತೆಯಿಲ್ಲ. ಇಳಿಯುವಾಗ ಆಕ್ಸಲೇಟರ್ ಪೂರ್ತಿ ಬಿಟ್ಟು ತೀರಾ ನಿಧಾನವಾದರೆ ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ತಿರುವಿನ ಮೇಲೆ ತಿರುವು ಬ್ರೇಕ್ ಒತ್ತಿಕೊಂಡೇ ಬಂದರೆ ಒಳಗಿನ ಎಣ್ಣೆ ಕುದಿದು ಲಿವರ್ ಮೆತ್ತಗಾಗುತ್ತದೆ. ಇದಕ್ಕೆ ‘ರೆಮ್ ಬ್ಲಾಂಗ್’ ಎನ್ನುತ್ತಾರೆ. ನಡುನಡುವೆ ಒಂಚೂರು ಆಕ್ಸಲೇಟರ್ ಕೊಟ್ಟು ಕ್ಲಚ್ ಕಚ್ಚಿಸುತ್ತಿರಬೇಕು. ಸುಟ್ಟ ವಾಸನೆ ಬಂದರೆ ನಿಲ್ಲಿಸಿ ಒಂದು ಕೋಪಿ ತುಬ್ರುಕ್ (ಸೋಸದ ಕಾಫಿ) ಕುಡಿಯುವುದು ಮೇಲು. ಅದರ ಗಸಿ ತಳಕ್ಕೆ ಇಳಿಯುವಷ್ಟು ಹೊತ್ತು ಕಾಯಲೇಬೇಕು, ಬ್ರೇಕಿಗೂ ಅಷ್ಟೇ ಬೇಕು.

ನಾವು ನೋಡಿದ್ದು ಆರು ಆರೆ. ಬಾಲಿಯಲ್ಲಿ ಜಮೀನಿನ ಲೆಕ್ಕವೆಲ್ಲ ಆರೆಯಲ್ಲಿ. ಒಂದು ಆರೆಗೆ 100 ಚದರ ಮೀಟರ್, ನಮ್ಮ ಗುಂಟೆಗೆ 101 ಚಿಲ್ಲರೆ. ಕನ್ನಡದವರು ಆರೆ ಎಂದಲ್ಲೆಲ್ಲ ಗುಂಟೆ ಎಂದು ಓದಿಕೊಂಡರೆ ಕಣ್ಣಳತೆ ತಪ್ಪುವುದಿಲ್ಲ. ಜಮೀನು ಪತ್ರದ ಇಂಡೋನೇಷ್ಯನ್ ಭಾಷೆಯಲ್ಲಿ ‘ಹಕ್’ ಎಂದರೆ ಹಕ್ಕು, ‘ಸಕ್ಸಿ’ ಎಂದರೆ ಸಾಕ್ಷಿ, ‘ಬಿಯಾಯ’ ಎಂದರೆ ವ್ಯಯ. ಪತ್ರದ ಅರ್ಧ ಮಾತು ಹೀಗೆ ಪರಿಚಿತವಾಗಿ ಕಾಣುತ್ತದೆ, ಅಲ್ಲೇ ಮೋಸ ಹೋಗುವುದೂ ಉಂಟು.

‘ಹಕ್ ಮಿಲಿಕ್’, ಅಂದರೆ ಪೂರ್ಣ ಒಡೆತನ, ವ್ಯಕ್ತಿಗಳ ಪೈಕಿ ಇಂಡೋನೇಷ್ಯಾದ ಪ್ರಜೆಗಳಿಗೆ ಮಾತ್ರ. 1960ರ ಭೂಕಾಯ್ದೆಯ 26ನೇ ವಿಧಿಯ ಪ್ರಕಾರ ವಿದೇಶಿಗೆ ಮಾರಿದ ಜಮೀನಿನ ವ್ಯವಹಾರ ಅನೂರ್ಜಿತ, ಜಮೀನು ಸರ್ಕಾರದ ಪಾಲು. ಸ್ಥಳೀಯನೊಬ್ಬನ ಹೆಸರಿನಲ್ಲಿ ಕೊಂಡು ಒಳಗೊಳಗೇ ಒಪ್ಪಂದ ಮಾಡಿಕೊಳ್ಳಿ ಎಂದು ದಲ್ಲಾಳಿ ನಗುನಗುತ್ತಾ ಹೇಳಿದರೆ ಅಲ್ಲಿಂದ ಎದ್ದು ಬರಬೇಕು. ಹೊರಗಿನವರಿಗೆ ಹಳ್ಳಿಯಲ್ಲಿ ನೇರವಾಗಿ ಒದಗುವ ದಾರಿ ಗುತ್ತಿಗೆ. ಸಾಮಾನ್ಯವಾಗಿ 25 ವರ್ಷಕ್ಕೆ, ಇಡೀ ಹಣ ಮೊದಲೇ. ಪತ್ರ ನೋಟರಿಯ ಮುಂದೆ ಆಗಬೇಕು. ಬಾಡಿಗೆಯ ಮೇಲಿನ 10 ಶೇಕಡಾ ತೆರಿಗೆ ಭೂಮಾಲೀಕನದ್ದು, ಆದರೆ ‘ಕೈಗೆ ಬರುವ ಮೊತ್ತ’ ಎಂದು ದರ ಹೇಳಿದ್ದರೆ ಅದು ಸದ್ದಿಲ್ಲದೆ ಗುತ್ತಿಗೆದಾರನ ತಲೆಗೆ ಬರುತ್ತದೆ. ‘ಅವಧಿ ಮುಗಿದ ಮೇಲೆ ಆಗಿನ ಮಾರುಕಟ್ಟೆ ದರದಲ್ಲಿ ಮುಂದುವರಿಕೆ’ ಎಂಬ ಸಾಲಿಗೆ ಬೆಲೆಯಿಲ್ಲ. ದರವನ್ನು ಯಾರು, ಹೇಗೆ ಕಟ್ಟುತ್ತಾರೆ ಎಂಬ ಸೂತ್ರ ಪತ್ರದಲ್ಲೇ ಇರಬೇಕು.

ಮುಂದಿನ ಪ್ರಶ್ನೆ, ಜಾಗ ನಿಜಕ್ಕೂ ಯಾರದ್ದು? ಊರೊಳಗೆ ಮನೆಗಳಿರುವ ಹಿತ್ತಿಲುಗಳಲ್ಲಿ ಎಷ್ಟೋ ‘ಪೆಕರಾಂಗನ್ ದೇಸ’, ಅಂದರೆ ‘ದೇಸ ಆದತ್’ ಎಂಬ ಸಂಪ್ರದಾಯದ ಊರಿನ ಸೊತ್ತು. ಊರಿನ ಗುಡಿಗೂ ಬಂಜಾರಿಗೂ (ಕೇರಿಯ ಕೂಟ) ದುಡಿಯುವ ಹೊಣೆ ಹೊತ್ತ ಮನೆತನ ಅಲ್ಲಿ ವಾಸ ಮಾಡಬಹುದು, ಮಾರುವಂತಿಲ್ಲ. 2017ರಿಂದ ಇಂಥ ಜಾಗಕ್ಕೆ ದೇಸ ಆದತ್‌ನ ಹೆಸರಿನಲ್ಲೇ ಪ್ರಮಾಣಪತ್ರ ಸಿಗುತ್ತದೆ. ಖಾಸಗಿ ಜಮೀನಿಗೂ ಕೆಲವೊಮ್ಮೆ ಪ್ರಮಾಣಪತ್ರದ ಬದಲು ‘ಪಿಪಿಲ್’ ಎಂಬ ಹಳೆಯ ಕಾಗದ ತೋರಿಸುತ್ತಾರೆ. ಅದು ಕಂದಾಯದ ಕಾಗದ, ಒಡೆತನದ್ದಲ್ಲ. ಪ್ರಮಾಣಪತ್ರವಿದ್ದರೂ ಭೂಕಚೇರಿಯಲ್ಲಿ ಅದರ ಮೇಲೆ ಸಾಲ, ತಕರಾರು ಇದೆಯೇ ಎಂದು ಅಧಿಕೃತ ಕ್ರಯಪತ್ರಗಾರನಿಂದ ತಪಾಸಣೆ ಮಾಡಿಸಬೇಕು. ಯೋಜನಾ ನಕ್ಷೆಯಲ್ಲಿ ಜಾಗ ಹಳದಿಯೋ ಹಸಿರೋ ನೋಡಬೇಕು. ಹಸಿರೆಂದರೆ ಗದ್ದೆ, ಮನೆ ಕಟ್ಟಲು ಪರವಾನಗಿ ಸಿಗುವುದಿಲ್ಲ. ಪಕ್ಕದಲ್ಲಿ ಆಗಲೇ ಒಂದು ಬಂಗಲೆ ಎದ್ದಿದೆಯಲ್ಲ ಎಂಬುದು ಉತ್ತರವಲ್ಲ.

ಇಷ್ಟಾದ ಮೇಲೆ ಗದ್ದೆಗೆ ಇಳಿಯಬೇಕು, ಚಪ್ಪಲಿ ಕೈಯಲ್ಲಿ ಹಿಡಿದು. ಮೊದಲು ಗಡಿಗೂಟಗಳನ್ನು ಹುಡುಕಿ ಟೇಪು ಹಿಡಿಯುವುದು. ಆಮೇಲೆ ಕಾಲುವೆಯ ಜೊತೆ ಮೇಲಕ್ಕೆ ನಡೆಯುವುದು. ಇಲ್ಲಿ ನೀರಿನ ಹಂಚಿಕೆ ‘ಸುಬಾಕ್’ನದ್ದು, ಅಂದರೆ ಗದ್ದೆಯವರ ನೀರಾವರಿ ಕೂಟದ್ದು. 2012ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಜತಿಲುವಿಹ್ ಗದ್ದೆಗಳು ಇದೇ ಜಿಲ್ಲೆಯವು. ಸುಬಾಕ್‌ನ ಮುಖ್ಯಸ್ಥ ‘ಪೆಕಸೆಹ್’. ನಮ್ಮ ನೀರಗಂಟಿಗೆ ಊರಗೌಡನ ಮಾತಿನ ತೂಕವೂ ಸೇರಿದಂತೆ.

ಕಾಲುವೆ ಕವಲೊಡೆಯುವಲ್ಲಿ ಅಡ್ಡಕ್ಕೆ ಒಂದು ತೆಂಗಿನ ದಿಮ್ಮಿ ಹೂತಿರುತ್ತದೆ, ಹೆಸರು ‘ತೆಂಬುಕು’. ಅದರ ಮೇಲಂಚಿನಲ್ಲಿ ಕಚ್ಚು ಕೊರೆದಿರುತ್ತಾರೆ. ಕಚ್ಚುಗಳ ತಳ ಒಂದೇ ಮಟ್ಟ, ಅಗಲ ಮಾತ್ರ ಪಾಲಿಗೆ ತಕ್ಕಂತೆ. ಮಳೆ ಹೆಚ್ಚಲಿ, ಕಡಿಮೆಯಾಗಲಿ, ಪಾಲಿನ ಅನುಪಾತ ಹೆಚ್ಚುಕಡಿಮೆ ಅದೇ. ಗೇಟಿಲ್ಲ, ಬೀಗವಿಲ್ಲ. ಒಂದು ಕಚ್ಚಿಗೆ ಮುಷ್ಟಿಗಾತ್ರದ ಕಲ್ಲು ಸಿಕ್ಕಿಸಿದರೆ ಸಾಕು, ಕೆಳಗಿನವನ ಪಾಲು ಪಕ್ಕದವನಿಗೆ. ಈ ಕಾಲುವೆ ನೀವು ನೋಡುವ ಜಾಗದ ನಡುವೆಯೇ ಹಾದುಹೋದರೂ ಜಮೀನಿನವನದ್ದಲ್ಲ. ಅದನ್ನು ಮುಚ್ಚಿದರೆ, ತಿರುಗಿಸಿದರೆ ಕೆಳಗಿನ ಗದ್ದೆಗಳು ಒಣಗುತ್ತವೆ, ಮರುದಿನವೇ ಸುಬಾಕ್‌ನವರು ಬಂದು ಕೆಲಸ ನಿಲ್ಲಿಸುತ್ತಾರೆ. ಆದ್ದರಿಂದ ಮನೆಯ ನಕ್ಷೆ ಬರೆಯುವ ಮೊದಲೇ ಪೆಕಸೆಹ್‌ನನ್ನು ಕರೆದು, ಕಾಲುವೆಗೆ ಎರಡೂ ಬದಿ ಎಷ್ಟು ಜಾಗ ಬಿಡಬೇಕೆಂದು ಕೇಳಿ ಗೂಟ ಹೊಡೆಸಬೇಕು. ಕೊಳಕು ನೀರು ಅದರೊಳಗೆ ಬಿಡುವಂತಿಲ್ಲ, ಇಂಗುಗುಂಡಿಗೆ ಬೇರೆ ಜಾಗ ಬೇಕು. ಆರು ಆರೆಯಲ್ಲಿ ಕಟ್ಟಲು ಎಷ್ಟು ಉಳಿಯಿತು ಎಂಬುದು ಆಗ ಗೊತ್ತಾಗುತ್ತದೆ.

ಮೆಟ್ಟಿಲುಗದ್ದೆಯಾದರೆ ತಡೆಗೋಡೆ ಬೇಕು, ಅಲ್ಲಿನ ಮಾತಿನಲ್ಲಿ ‘ಸೆಂಡೆರಾನ್’. ಹೊಳೆಗಲ್ಲು, ಸಿಮೆಂಟು, ಹಿಂದಿನ ಒಸರು ಹೊರಬರಲು ಪೈಪು. ಪೈಪು ಮರೆತ ಗೋಡೆ ಮೊದಲ ಮಳೆಗೇ ಹೊಟ್ಟೆ ಬಿಡುತ್ತದೆ. ಗದ್ದೆಮಣ್ಣಿನ ಮೇಲೆ ಮಣ್ಣು ತುಂಬಿಸಿ ತಕ್ಷಣ ಅಡಿಪಾಯ ಹಾಕಬಾರದು. ಒಂದು ಮಳೆಗಾಲ ಕೂರಲು ಬಿಡದಿದ್ದರೆ ಗೋಡೆ ಮೂಲೆಯಿಂದ ಸೀಳುತ್ತದೆ. ದಾರಿಯನ್ನೂ ಅಳೆಯಬೇಕು. ಕಲ್ಲಿನ ಲಾರಿ ಬಾರದಿದ್ದರೆ ಪಿಕಪ್ಪು, ಪಿಕಪ್ಪೂ ಬಾರದಿದ್ದರೆ ತಲೆಹೊರೆ. ಖರ್ಚು ಏರುವುದು ಇಲ್ಲೇ. ದಾರಿ ಇನ್ನೊಬ್ಬರ ಜಾಗದಲ್ಲಿದ್ದರೆ ಅವರ ಸಹಿಯೂ ಪತ್ರದಲ್ಲಿರಲಿ.

ಮಧ್ಯಾಹ್ನ ಮಾಲೀಕನ ಮನೆ. ಅಂಗಳದ ಬೆಟ್ಟದಿಕ್ಕು ಮತ್ತು ಪೂರ್ವ ಸೇರುವ ಮೂಲೆಯಲ್ಲಿ ಮನೆದೇವರ ಗುಡಿ, ಕಡಲ ದಿಕ್ಕಿಗೆ ‘ಪಾಒನ್’, ಅಂದರೆ ಅಡುಗೆಮನೆ. ಮನೆಯ ಅಳತೆ ಯಜಮಾನನ ಮೈಯಿಂದಲೇ. ‘ಅಸ್ತ’ ಎಂದರೆ ನಮ್ಮ ಹಸ್ತವೇ, ‘ದೆಪ’ ಎಂದರೆ ಚಾಚಿದ ಎರಡು ತೋಳು. ಮಾತಿನ ನಡುವೆ ಗೋಡೆಯ ಮೀಟರ್ ಪೀ ಪೀ ಎನ್ನುತ್ತಿತ್ತು. ವಿದ್ಯುತ್ತು ಮುಂಗಡ ಟೋಕನ್ನಿನದು. ಅಂಗಡಿಯಲ್ಲೋ ಫೋನಿನಲ್ಲೋ ದುಡ್ಡು ಕೊಟ್ಟರೆ 20 ಅಂಕಿ ಬರುತ್ತದೆ, ಮೀಟರಿನ ಗುಂಡಿಗಳಲ್ಲಿ ಒತ್ತಬೇಕು. ಹಳ್ಳಿಮನೆಗೆ 450 ಇಲ್ಲವೇ 900 ವೋಲ್ಟ್‌ಆಂಪಿಯರ್ ಸಂಪರ್ಕ ಸಾಮಾನ್ಯ. 900 ಎಂದರೆ 4 ಆಂಪಿಯರ್. ಅನ್ನದ ಕರೆಂಟ್ ಕುಕ್ಕರ್ ಹಾಕಿರುವಾಗ ಬಾವಿಯ ‘ಸಾನ್ಯೊ’ (ಯಾವ ಕಂಪನಿಯ ಪಂಪಾದರೂ ಹೆಸರು ಇದೇ) ಶುರುವಾದರೆ ಆ ಒಂದು ಕ್ಷಣದ ಎಳೆತಕ್ಕೆ ಸ್ವಿಚ್ಚು ಟಕ್ ಎಂದು ಬೀಳುತ್ತದೆ. 1300ಕ್ಕೆ ಏರಿಸಿಕೊಳ್ಳದೆ ಗುತ್ತಿಗೆ ಮನೆಗೆ ಕಾಲಿಡಬಾರದು. ಆ ಪಂಪು ಎಳೆಯುವುದೂ ಹೆಚ್ಚೆಂದರೆ ಎಂಟೊಂಬತ್ತು ಮೀಟರ್. ಒಣಗಾಲದಲ್ಲಿ ಬಾವಿಯ ನೀರು ಎಲ್ಲಿಗಿಳಿಯುತ್ತದೆ ಎಂದು ಪಕ್ಕದ ಮನೆಯಲ್ಲಿ ಕೇಳಬೇಕು, ಮಾಲೀಕನನ್ನಲ್ಲ.

ಪ್ರಮಾಣಪತ್ರ ಹೊರಬಂತು. ಹೆಸರು ಮಾತ್ರ ತೀರಿಹೋದ ಅಜ್ಜನದು. ನಮ್ಮ ಪೌತಿ ಖಾತೆಯ ಕತೆಯೇ. ‘ಸಿಲ್ಸಿಲಾಹ್’ ಎಂಬ ವಂಶವೃಕ್ಷ ಬರೆಸಿ, ಬಂಜಾರಿನ ಮುಖ್ಯಸ್ಥ ‘ಕೆಲಿಯಾನ್’ ಮತ್ತು ಊರಿನ ಮುಖ್ಯಸ್ಥ ‘ಪೆರ್ಬೆಕೆಲ್’ ಇಬ್ಬರಿಂದಲೂ ದೃಢಪಡಿಸಿ, ವಾರಸುದಾರರೆಲ್ಲ ಸಹಿ ಹಾಕಬೇಕು. ಆಮೇಲೆ ಹೆಸರು ಬದಲಾವಣೆ, ಅದಾದ ಮೇಲೆ ಗುತ್ತಿಗೆಯ ಮಾತು. ವಾರಸುದಾರರಲ್ಲಿ ಒಬ್ಬರ ಕುಟುಂಬ ಬಾಲಿಯ ಎಷ್ಟೋ ಮಂದಿಯಂತೆ ಸುಮಾತ್ರಾದ ಲಾಂಪುಂಗಿಗೆ ವಲಸೆ ಹೋದದ್ದು.

“ಗಲುಂಗನ್ ಹಬ್ಬಕ್ಕೆ ಬರುತ್ತಾನೆ, ಪಾಕ್ (ಸ್ವಾಮಿ). ಆಗ ಸಹಿ ಹಾಕಿಸೋಣ,” ಎಂದರು ಮಾಲೀಕರು, ಮೀಟರಿಗೆ ಅಂಕಿ ಒತ್ತುತ್ತಾ.

ಗಲುಂಗನ್ 210 ದಿನಕ್ಕೊಮ್ಮೆ. ಹೋದ ಹಬ್ಬಕ್ಕೆ ಮನೆಮುಂದೆ ನೆಟ್ಟಿದ್ದ ‘ಪೆಂಜೋರ್’ ಎಂಬ ಅಲಂಕಾರದ ಬಿದಿರುಗಳು ಗೇಟಿನ ಪಕ್ಕ ಇನ್ನೂ ಹಸಿರಾಗೇ ಬಿದ್ದಿದ್ದವು. ಮುಂಗಡ ಕೊಡದೆ, ಮಳೆಗೆ ಮುಂಚೆ ಹೊರಟೆವು.